ಚರ್ನೋಬಿಲ್ ಪಾಠ ನಮ್ಮ ಆಸ್ಪತ್ರೆಗೆ ತಲುಪಿದೆಯೇ?

"ಕೈಗಾದಲ್ಲಿ ಏನಾದ್ರೂ ಆದ್ರೆ ನಾವು ಎಲ್ಲಿಗೆ ಹೋಗ್ಬೇಕು?"

ಕದ್ರಾ, ಮಲ್ಲಾಪುರ ಕಡೆಯ ಜನ ಈ ಪ್ರಶ್ನೆ ಕೇಳಲು ಶುರುಮಾಡಿ ದಶಕಗಳೇ ಕಳೆದವು. ಸಿಗುವ ಉತ್ತರವೂ ಎರಡೇ ಥರ. ಸ್ಥಾವರದ ಪರ ಇರುವವರು "ಏನೂ ಆಗುವುದಿಲ್ಲ, ಹೆದರಬೇಡಿ" ಅಂತಾರೆ. ವಿರೋಧ ಇರುವವರು "ಆದರೆ ಯಾರೂ ಉಳಿಯುವುದಿಲ್ಲ" ಅಂತಾರೆ. ಎರಡನ್ನೂ ಕೇಳಿಸಿಕೊಂಡ ಶ್ರೀಸಾಮಾನ್ಯನಿಗೆ ಮಾಡಲು ಏನೂ ಕೆಲಸ ಉಳಿಯುವುದಿಲ್ಲ ನೋಡಿ. ಏನೂ ಆಗದಿದ್ದರೆ ತಯಾರಿ ಯಾಕೆ? ಯಾರೂ ಉಳಿಯದಿದ್ದರೂ ತಯಾರಿ ಯಾಕೆ?

ಎರಡು ಉತ್ತರವೂ ತಪ್ಪು ಎನ್ನುವುದು ನಮ್ಮ ವಾದ. ಅಣು ವಿದ್ಯುತ್ ಸ್ಥಾವರಗಳಲ್ಲಿ ದೊಡ್ಡ ಅವಘಡ ಆಗಿದೆ. ಒಮ್ಮೆಯಲ್ಲ, ಹಲವು ಸಲ. ಅಲ್ಲಿ ಜನರು ಉಳಿದಿದ್ದಾರೆ, ನೂರಲ್ಲ, ಲಕ್ಷಗಟ್ಟಲೆ. ಯಾರಿಗೆ ಕಾಯಿಲೆ ಬಂತು, ಯಾರಿಗೆ ಬರಲಿಲ್ಲ, ಯಾವುದರಿಂದ ಬಂತು ಎಂದು ವೈದ್ಯರು ದಶಕಗಟ್ಟಲೆ ಲೆಕ್ಕ ಇಟ್ಟಿದ್ದಾರೆ. ಸ್ಥಾವರದ ಹೊರಗಿದ್ದ ಜನರಿಗೆ ಆದ ಹಾನಿಯಲ್ಲಿ ದೊಡ್ಡ ಪಾಲನ್ನು ತಪ್ಪಿಸಬಹುದಿತ್ತು ಎಂದು ಆ ಲೆಕ್ಕ ಹೇಳುತ್ತದೆ. ಅದಕ್ಕೆ ಬೇಕಾಗಿದ್ದದ್ದು ದೊಡ್ಡ ಯಂತ್ರಗಳಲ್ಲ. ಹೊತ್ತಿಗೆ ಸರಿಯಾಗಿ ಒಂದು ಮಾತ್ರೆ, ಕೆಲವು ವಾರ ಹಾಲು ಬಂದ್, ಹಾಸಿಗೆ ಹಿಡಿದ ರೋಗಿಯ ಜತೆ ಒಬ್ಬ ನರ್ಸು, ಮತ್ತು ಅಧಿಕಾರಿಯ ಬಾಯಲ್ಲಿ ನಿಜ. ಇಷ್ಟೇ.

ಆದ್ದರಿಂದ ಈ ಪ್ರಶ್ನೆ ಸ್ಥಾವರದ ಇಂಜಿನಿಯರರಿಗಿಂತ ನಮ್ಮ ಆಸ್ಪತ್ರೆಗಳಿಗೆ, ಆರೋಗ್ಯ ಇಲಾಖೆಗೆ, ಜಿಲ್ಲಾ ಕಚೇರಿಗೆ ಸೇರಿದ್ದು.

ಮೊದಲ ರಾತ್ರಿ ಬಾಗಿಲಿಗೆ ಬಂದವರು

1986ರ ಏಪ್ರಿಲ್ 26, ರಾತ್ರಿ 1 ಗಂಟೆ 23 ನಿಮಿಷ. ಆಗಿನ ಸೋವಿಯತ್ ಒಕ್ಕೂಟದ ಉಕ್ರೇನಿನಲ್ಲಿ ಚರ್ನೋಬಿಲ್ ಸ್ಥಾವರದ ನಾಲ್ಕನೇ ಘಟಕ ಸಿಡಿಯಿತು. ಬೆಂಕಿ ಆರಿಸಲು ಹೋದವರು, ಪಾಳಿಯಲ್ಲಿದ್ದ ಕೆಲಸಗಾರರು ಸ್ವಲ್ಪ ಹೊತ್ತಿನಲ್ಲೇ ವಾಂತಿ ಮಾಡತೊಡಗಿದರು. ಅವರನ್ನು ಮೊದಲು ಕರೆದೊಯ್ದದ್ದು ಮಾಸ್ಕೋದ ದೊಡ್ಡ ಆಸ್ಪತ್ರೆಗಲ್ಲ, ಪಕ್ಕದ ಪ್ರಿಪ್ಯಾತ್ ಪಟ್ಟಣದ ಆಸ್ಪತ್ರೆಗೆ. ಬಾಣಂತಿಯರು, ಜ್ವರದವರು, ಕೈಕಾಲು ಮುರಿದವರು ಇದ್ದ ಆಸ್ಪತ್ರೆ ಅದು. ರಾತ್ರಿ ಪಾಳಿಯಲ್ಲಿ ಇದ್ದಷ್ಟೇ ವೈದ್ಯರು, ಇದ್ದಷ್ಟೇ ನರ್ಸುಗಳು.

ಅಲ್ಲಿಯ ನರ್ಸುಗಳು ಬೆಂಕಿ ಆರಿಸಲು ಹೋಗಿದ್ದವರ ಕೋಟು, ಬೂಟು, ಶಿರಸ್ತ್ರಾಣ ಎಲ್ಲ ಬಿಚ್ಚಿಸಿ ನೆಲಮಾಳಿಗೆಗೆ ಎಸೆದರು. ದಶಕಗಳ ನಂತರವೂ ಆ ಬಟ್ಟೆ ರಾಶಿಯ ಹತ್ತಿರ ಹೋದರೆ ಅಳೆಯುವ ಯಂತ್ರ ಚೀರುತ್ತಿತ್ತು. ಅಂದರೆ ಆ ನರ್ಸುಗಳು ಮಾಡಿದ್ದು ಸರಿಯಾದ ಚಿಕಿತ್ಸೆಯೇ. ಮೈಮೇಲೆ ಕುಳಿತ ವಿಕಿರಣದ ಧೂಳಿನಲ್ಲಿ ಹೆಚ್ಚಿನ ಪಾಲು ಬಟ್ಟೆ ಬಿಚ್ಚಿದರೇ ಹೋಗುತ್ತದೆ. ಉಳಿದದ್ದು ಸೋಪು, ನೀರಿಗೆ ಹೋಗುತ್ತದೆ. ಇದಕ್ಕೆ ಎಂ.ಡಿ. ಬೇಡ. ಒಂದು ಬೇರೆ ಬಾಗಿಲು, ಒಂದು ನಲ್ಲಿ, ಬದಲಿ ಬಟ್ಟೆ, ಬಿಚ್ಚಿದ್ದನ್ನು ಕಟ್ಟಿಡಲು ಚೀಲ ಬೇಕು.

ಎರಡನೆಯ ಪಾಠ ಇನ್ನೂ ಸರಳ. ಯಾರಿಗೆ ಎಷ್ಟು ವಿಕಿರಣ ತಗುಲಿದೆ ಎಂದು ಹೇಳುವ ಮೀಟರು ಆ ರಾತ್ರಿ ಸರಿಯಾಗಿ ಸಿಗಲಿಲ್ಲ. ವೈದ್ಯರು ನೋಡಿದ್ದು ಎರಡು: ತಗುಲಿ ಎಷ್ಟು ಹೊತ್ತಿಗೆ ವಾಂತಿ ಶುರುವಾಯಿತು, ಮತ್ತು ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿ ಕಣಗಳು ಮುಂದಿನ ಎರಡು ದಿನ ಎಷ್ಟು ವೇಗವಾಗಿ ಇಳಿದವು. ವಾಂತಿ ಎಷ್ಟು ಬೇಗ ಬಂತೋ ಅಷ್ಟು ಗಂಭೀರ. ಬಿಳಿ ಕಣ ಎಷ್ಟು ಬೇಗ ಇಳಿಯಿತೋ ಅಷ್ಟು ಗಂಭೀರ. ಈ ರಕ್ತ ಪರೀಕ್ಷೆ ನಮ್ಮ ತಾಲೂಕು ಆಸ್ಪತ್ರೆಯಲ್ಲೂ ಆಗುತ್ತದೆ ಮಾರಾಯ್ರೆ. ಡೆಂಗ್ಯೂ ಬಂದಾಗ ದಿನಾ ಮಾಡುತ್ತಾರಲ್ಲ, ಅದರದ್ದೇ ಇನ್ನೊಂದು ಕಾಲಂ. ಆದರೆ ಯಾವುದನ್ನು ನೋಡಬೇಕು, ಎಷ್ಟು ಗಂಟೆಗೊಮ್ಮೆ ನೋಡಬೇಕು ಎಂದು ಮೊದಲೇ ಗೊತ್ತಿರಬೇಕು.

ನೂರಕ್ಕೂ ಹೆಚ್ಚು ಜನರನ್ನು ವಿಮಾನದಲ್ಲಿ ಮಾಸ್ಕೋದ 6ನೇ ನಂಬರಿನ ಆಸ್ಪತ್ರೆಗೆ ಒಯ್ದರು. ಅಲ್ಲಿ ಡಾ. ಆಂಜೆಲಿನಾ ಗುಸ್ಕೋವಾ ಅವರ ತಂಡ ಇತ್ತು. ಅಮೆರಿಕದಿಂದ ಡಾ. ರಾಬರ್ಟ್ ಗೇಲ್ ಬಂದರು. 13 ಜನರಿಗೆ ಅಸ್ಥಿಮಜ್ಜೆ ಕಸಿ ಮಾಡಿದರು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ಆದರೆ ಕಸಿಯಾದವರಲ್ಲಿ ಬಹುತೇಕರು ಉಳಿಯಲಿಲ್ಲ. ಅನೇಕರನ್ನು ಕೊಂದದ್ದು ಚರ್ಮದ ಮೇಲಿನ ವಿಕಿರಣ ಸುಟ್ಟಗಾಯ ಮತ್ತು ಅದಕ್ಕೆ ತಗುಲಿದ ಸೋಂಕು. ಒಟ್ಟು 134 ಜನರಿಗೆ ತೀವ್ರ ವಿಕಿರಣ ಕಾಯಿಲೆ ಆಗಿತ್ತು. ಅವರಲ್ಲಿ 28 ಜನ ಆ ವರ್ಷವೇ ತೀರಿಕೊಂಡರು. ಇನ್ನುಳಿದ ನೂರಕ್ಕೂ ಹೆಚ್ಚು ಜನರನ್ನು ಉಳಿಸಿದ್ದು ಶುಚಿ ಕೋಣೆ, ರಕ್ತ, ಆಂಟಿಬಯಾಟಿಕ್ ಔಷಧ, ವಾರಗಟ್ಟಲೆಯ ಶುಶ್ರೂಷೆ. ಪೇಪರಿನ ಮುಖಪುಟಕ್ಕೆ ಬಾರದ ಚಿಕಿತ್ಸೆ ಅದು.

ಹಾಲಿನ ಕತೆ

ಇವರೆಲ್ಲ ಸ್ಥಾವರದ ಒಳಗೆ ಇದ್ದವರು, ಬೆಂಕಿಯ ಎದುರು ನಿಂತವರು. ಹೊರಗಿನ ಜನರ ಕತೆ ಬೇರೆ. ನಮ್ಮ ಊರಿನವರು ಗಮನ ಕೊಟ್ಟು ಓದಬೇಕಾದ್ದು ಇದನ್ನು.

ಸ್ಫೋಟ ಆದದ್ದು ಶುಕ್ರವಾರ ಕಳೆದ ರಾತ್ರಿ. ಶನಿವಾರ ಪ್ರಿಪ್ಯಾತ್‌ನಲ್ಲಿ ಮಕ್ಕಳು ಶಾಲೆಗೆ ಹೋದರು. ಮದುವೆಗಳೂ ನಡೆದವು. ಸುಮಾರು 49,000 ಜನರಿದ್ದ ಪಟ್ಟಣವನ್ನು ಖಾಲಿ ಮಾಡಿಸಿದ್ದು ಭಾನುವಾರ ಮಧ್ಯಾಹ್ನ, ಸಾವಿರಕ್ಕೂ ಹೆಚ್ಚು ಬಸ್ಸು ತರಿಸಿ. ಮೂರು ದಿನಕ್ಕೆ ಅಂತ ಹೇಳಿ ಕರೆದೊಯ್ದವರು ಮತ್ತೆ ಮನೆಗೆ ಬರಲೇ ಇಲ್ಲ. ಹೊರಜಗತ್ತಿಗೆ ಸುದ್ದಿ ಗೊತ್ತಾದದ್ದು 28ರ ಸೋಮವಾರ. ಸ್ವೀಡನ್ನಿನ ಒಂದು ಅಣು ಸ್ಥಾವರದಲ್ಲಿ ಕೆಲಸಗಾರನ ಬೂಟಿಗೆ ಅಂಟಿದ ಧೂಳು ಯಂತ್ರವನ್ನು ಕೂಗಿಸಿದಾಗ. ಕೀವ್ ನಗರದಲ್ಲಿ ಮೇ 1ರ ಮೆರವಣಿಗೆ ಎಂದಿನಂತೆ ನಡೆಯಿತು. ಮಕ್ಕಳೂ ಅದರಲ್ಲಿ ಇದ್ದರು.

ಗಾಳಿಯಲ್ಲಿ ಬಂದದ್ದರಲ್ಲಿ ಒಂದು, ಅಯೋಡಿನ್-131. ಇದರ ಶಕ್ತಿ ಎಂಟು ದಿನಕ್ಕೆ ಅರ್ಧ ಆಗುತ್ತದೆ, ಮತ್ತೆಂಟು ದಿನಕ್ಕೆ ಕಾಲು. ಎರಡು ಮೂರು ತಿಂಗಳಲ್ಲಿ ಬಹುತೇಕ ಮುಗಿದೇ ಹೋಗುತ್ತದೆ. ಆದರೆ ಅಷ್ಟರೊಳಗೆ ಅದು ಹುಲ್ಲಿನ ಮೇಲೆ ಬೀಳುತ್ತದೆ, ಹಸು ಮೇಯುತ್ತದೆ, ಹಾಲಿಗೆ ಬರುತ್ತದೆ, ಮಗು ಕುಡಿಯುತ್ತದೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಬೇಕೇ ಬೇಕು. ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಸಿಕ್ಕಿದ್ದನ್ನೆಲ್ಲ ಎಳೆದಿಟ್ಟುಕೊಳ್ಳುತ್ತದೆ. ಮಗುವಿನ ಗ್ರಂಥಿ ಪುಟ್ಟದು, ಕುಡಿಯುವ ಹಾಲು ಹೆಚ್ಚು. ಹೀಗಾಗಿ ಅದೇ ಲೋಟ ಹಾಲಿನಿಂದ ದೊಡ್ಡವರಿಗಿಂತ ಮಗುವಿಗೆ ಹಲವು ಪಟ್ಟು ಏಟು.

ಪ್ರಿಪ್ಯಾತ್ ಪಟ್ಟಣದಲ್ಲಿ ಅನೇಕರಿಗೆ ಅಯೋಡಿನ್ ಮಾತ್ರೆ ಸಿಕ್ಕಿತ್ತು. ಪಟ್ಟಣ ಬಿಟ್ಟು ಹೋದದ್ದರಿಂದ ಅಲ್ಲಿಯ ಹಾಲನ್ನೂ ಅವರು ಕುಡಿಯಲಿಲ್ಲ. ಪೆಟ್ಟು ಬಿದ್ದದ್ದು ದೂರದ ಹಳ್ಳಿಗಳಿಗೆ. ಬೆಲಾರುಸ್‌ನ ಗೋಮೆಲ್ ಸೀಮೆಗೆ, ಉಕ್ರೇನಿನ ಉತ್ತರದ ಊರುಗಳಿಗೆ. ಅಲ್ಲಿ ಮನೆಮನೆಯಲ್ಲಿ ಹಸು. ಹೇಳುವವರು ಯಾರೂ ಇಲ್ಲ. "ಈ ವಾರ ಮಕ್ಕಳಿಗೆ ಹಾಲು ಕೊಡಬೇಡ ತಾಯಿ" ಎನ್ನುವ ಒಂದು ಮಾತು ಆ ಹಳ್ಳಿಗಳಿಗೆ ಹೊತ್ತಿಗೆ ತಲುಪಲಿಲ್ಲ.

ಫಲ ಬಂದದ್ದು ನಾಲ್ಕು ವರ್ಷದ ನಂತರ. ಬೆಲಾರುಸ್‌ನಲ್ಲಿ ಮಕ್ಕಳ ಥೈರಾಯ್ಡ್ ಕ್ಯಾನ್ಸರ್ 1986ರಿಂದ 1989ರವರೆಗೆ ವರ್ಷಕ್ಕೆ ಸರಾಸರಿ ನಾಲ್ಕು ಇದ್ದದ್ದು 1991ರಲ್ಲಿ 55ಕ್ಕೆ ಏರಿತು. ಮಿನ್ಸ್ಕ್‌ನ ವೈದ್ಯರಾದ ಕಜಕೋವ್, ದೆಮಿದ್ಚಿಕ್ ಮತ್ತು ಅಸ್ತಖೋವಾ 1992ರಲ್ಲಿ 'ನೇಚರ್' ಪತ್ರಿಕೆಗೆ ಇದನ್ನು ಬರೆದರು. ಪಶ್ಚಿಮದ ಪಂಡಿತರು ಅನೇಕರು ನಂಬಲಿಲ್ಲ. ಇಷ್ಟು ಬೇಗ ಬರುವುದುಂಟೇ, ಹುಡುಕಿದ್ದಕ್ಕೆ ಸಿಕ್ಕಿರಬೇಕು ಅಂದರು. ವೈದ್ಯರ ಲೆಕ್ಕವೇ ಸರಿ ಎಂದು ಆಮೇಲೆ ಎಲ್ಲರೂ ಒಪ್ಪಬೇಕಾಯಿತು. 1986ರಲ್ಲಿ 18 ತುಂಬದಿದ್ದವರಲ್ಲಿ 1991ರಿಂದ 2015ರವರೆಗೆ ಸುಮಾರು 19,000 ಥೈರಾಯ್ಡ್ ಕ್ಯಾನ್ಸರ್ ದಾಖಲಾಯಿತು. ಅದರಲ್ಲಿ ಸುಮಾರು ಕಾಲು ಭಾಗಕ್ಕೆ ಆ ವಿಕಿರಣವೇ ಕಾರಣ ಎನ್ನುವುದು ವಿಶ್ವಸಂಸ್ಥೆಯ ವಿಜ್ಞಾನ ಸಮಿತಿಯ 2018ರ ಅಂದಾಜು. ಇದು ಚಿಕಿತ್ಸೆಗೆ ಬಗ್ಗುವ ಕ್ಯಾನ್ಸರ್ ಆದ್ದರಿಂದ ಸತ್ತವರು ಕಡಿಮೆ. ಆದರೆ ಹತ್ತು ವರ್ಷದ ಮಗುವಿನ ಕುತ್ತಿಗೆ ಕೊಯ್ದು, ಆಮೇಲೆ ಸಾಯುವ ತನಕ ದಿನಾ ಒಂದು ಮಾತ್ರೆ ನುಂಗಿಸುವುದು ಸಣ್ಣ ಮಾತೇನಲ್ಲ. ಅದನ್ನು ತಪ್ಪಿಸಲು ಕೆಲವು ವಾರದ ಹಾಲು ಚೆಲ್ಲಿದ್ದರೆ ಸಾಕಿತ್ತು.

ಹಾಲು ಚೆಲ್ಲಬೇಕು ಅಂತ ಆಗ ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. 1957ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ರಿಯಾಕ್ಟರಿಗೆ ಬೆಂಕಿ ಬಿದ್ದಾಗ ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ವಾರಗಟ್ಟಲೆ ಚೆಲ್ಲಿದ್ದರು. ಇಪ್ಪತ್ತೊಂಬತ್ತು ವರ್ಷ ಹಳೆಯ ಪಾಠ ಕಡತದಲ್ಲೇ ಇತ್ತು.

ಪೋಲೆಂಡ್ ಮಾಡಿ ತೋರಿಸಿತು

ಅದೇ ಏಪ್ರಿಲಿನಲ್ಲಿ ಪಕ್ಕದ ಪೋಲೆಂಡ್ ಏನು ಮಾಡಿತು ನೋಡಿ. ಅದೂ ಆಗ ಮಾಸ್ಕೋದ ನೆರಳಲ್ಲೇ ಇದ್ದ ದೇಶ. ಮಾಸ್ಕೋದಿಂದ ಸರಿಯಾದ ಮಾಹಿತಿ ಬರಲಿಲ್ಲ. ಆದರೆ ತಮ್ಮದೇ ಯಂತ್ರ ಗಾಳಿಯಲ್ಲಿ ವಿಕಿರಣ ತೋರಿಸಿದ ಕೂಡಲೇ ಅಲ್ಲಿಯ ವೈದ್ಯರು, ವಿಜ್ಞಾನಿಗಳು ಕುಳಿತು ತೀರ್ಮಾನ ಮಾಡಿದರು. ಏಪ್ರಿಲ್ 29ರಿಂದ ಮಕ್ಕಳಿಗೆ ಪೊಟ್ಯಾಶಿಯಂ ಅಯೋಡೈಡ್ ದ್ರಾವಣ ಕುಡಿಸತೊಡಗಿದರು. ಕೆಲವೇ ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಕುಡಿಸಿ ಮುಗಿಸಿದರು. ಪುಟ್ಟ ಮಕ್ಕಳಿಗೆ ತಾಜಾ ಹಾಲು ನಿಲ್ಲಿಸಿ ಹಾಲಿನ ಪುಡಿ ಕೊಟ್ಟರು. ಆಮೇಲೆ ಪರೀಕ್ಷಿಸಿದಾಗ ಗಂಭೀರ ಅಡ್ಡಪರಿಣಾಮ ತೀರಾ ವಿರಳ ಎಂದು ತಿಳಿಯಿತು.

ಔಷಧ ಸಿಗದ ವಸ್ತುವೇನಲ್ಲ. ಬೆಲೆಯೂ ಹೆಚ್ಚಲ್ಲ. ಕೆಲಸ ಮಾಡುವ ರೀತಿಯೂ ಸುಲಭ: ಒಳ್ಳೆಯ ಅಯೋಡಿನ್ ಮೊದಲೇ ಹೋಗಿ ಗ್ರಂಥಿಯಲ್ಲಿ ಜಾಗ ತುಂಬಿಬಿಟ್ಟರೆ, ಹಿಂದಿನಿಂದ ಬಂದ ಕೆಟ್ಟದ್ದಕ್ಕೆ ಕೂರಲು ಜಾಗ ಇರುವುದಿಲ್ಲ. ಬಸ್ಸಿನ ಸೀಟಿನ ಮೇಲೆ ಟವಲು ಹಾಕಿದ ಹಾಗೆ. ಆದರೆ ಟವಲು ಹಾಕಬೇಕಾದ್ದು ಬಸ್ಸು ತುಂಬುವ ಮುಂಚೆ. ವಿಕಿರಣ ಬರುವ ಮುಂಚೆಯೋ, ಬಂದ ಒಂದೆರಡು ಗಂಟೆಯೊಳಗೋ ನುಂಗಿದರೆ ಪೂರ್ತಿ ಉಪಯೋಗ. ಎಂಟು ಗಂಟೆಯವರೆಗೂ ಅಷ್ಟಿಷ್ಟು. ಮಾರನೆಯ ದಿನ ಅರ್ಜಿ ಬರೆದು, ಕಡತ ಮೇಲೆ ಹೋಗಿ, ಸಹಿಯಾಗಿ ಬರುವಷ್ಟರಲ್ಲಿ ಕತೆ ಮುಗಿದಿರುತ್ತದೆ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯನ್ನೂ ಹೇಳಲೇಬೇಕು. ಈ ಮಾತ್ರೆ ವಿಕಿರಣಕ್ಕೆಲ್ಲ ರಾಮಬಾಣ ಅಲ್ಲ. ಅದು ಕಾಯುವುದು ಥೈರಾಯ್ಡ್ ಒಂದನ್ನೇ, ಅಯೋಡಿನ್ ಒಂದರಿಂದಲೇ. ಸೀಸಿಯಂ ಮುಂತಾದವಕ್ಕೆ ಇದರಿಂದ ಉಪಯೋಗ ಇಲ್ಲ. ಮೊದಲು ಸಿಗಬೇಕಾದ್ದು ಮಕ್ಕಳಿಗೆ, ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ. ನಲವತ್ತು ದಾಟಿದವರಿಗೆ ಲಾಭ ಕಡಿಮೆ. ಪ್ರಮಾಣ ವಯಸ್ಸಿನ ಮೇಲೆ ಹೋಗುತ್ತದೆ: ದೊಡ್ಡವರಿಗೆ 130 ಮಿಲಿಗ್ರಾಂ, ಮೂರರಿಂದ ಹನ್ನೆರಡು ವರ್ಷದವರಿಗೆ 65, ಅದಕ್ಕಿಂತ ಸಣ್ಣವರಿಗೆ ಇನ್ನೂ ಕಡಿಮೆ. ವೈದ್ಯರು ಹೇಳದೆ ಯಾರೂ ನುಂಗಬಾರದು. ಮನೆಯ ಅಯೋಡಿನ್ ಉಪ್ಪು ತಿಂದರೆ ಆಗುತ್ತದೆ ಅಂತ 2011ರಲ್ಲಿ ಚೀನಾದಲ್ಲಿ ಜನ ಅಂಗಡಿಗಳಿಗೆ ಮುಗಿಬಿದ್ದರು. ಆಗುವುದಿಲ್ಲ. ಉಪ್ಪು ಎಷ್ಟು ತಿಂದರೂ ಅಷ್ಟು ಅಯೋಡಿನ್ ಸಿಗುವುದಿಲ್ಲ, ರಕ್ತದೊತ್ತಡ ಮಾತ್ರ ಏರೀತು. ಗಾಯಕ್ಕೆ ಹಚ್ಚುವ ಟಿಂಚರ್ ಕುಡಿಯುವುದಂತೂ ಅಪಾಯ.

ಜಪಾನಿನ ಬಸ್ಸು

ಇದೆಲ್ಲ ಹಳೆ ಸೋವಿಯತ್ ಕತೆ, ಬುದ್ಧಿವಂತ ದೇಶದಲ್ಲಿ ಹೀಗೆ ಆಗುವುದಿಲ್ಲ ಅನ್ನುವವರಿಗೆ ಫುಕುಶಿಮಾ ಇದೆ. 2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ. ಅದರ ಬೆನ್ನಿಗೇ ರಿಯಾಕ್ಟರುಗಳ ಅವಘಡ. ಮೊದಲು 3 ಕಿ.ಮೀ. ಖಾಲಿ ಮಾಡಿ ಅಂದರು. ಮಾರನೆ ಬೆಳಿಗ್ಗೆ 10 ಅಂದರು, ಸಂಜೆ 20 ಅಂದರು.

ಸ್ಥಾವರದಿಂದ ಐದು ಕಿ.ಮೀ. ಒಳಗೆ ಫುತಾಬಾ ಎಂಬ ಆಸ್ಪತ್ರೆ ಇತ್ತು. ಎದ್ದು ಕೂರಲಾರದ ವಯಸ್ಸಾದ ರೋಗಿಗಳು ಅಲ್ಲಿ ಬಹಳ ಮಂದಿ. ನಡೆಯಬಲ್ಲವರು ಮೊದಲ ಬಸ್ಸಿನಲ್ಲಿ ಹೋದರು. ಉಳಿದವರಲ್ಲಿ ಕೆಲವರನ್ನು ಮಾರ್ಚ್ 14ರಂದು ಬಸ್ಸಿಗೆ ಹತ್ತಿಸಿದರು. ಜತೆಗೆ ವೈದ್ಯರಿಲ್ಲ, ಡ್ರಿಪ್ ಇಲ್ಲ. ಇನ್ನೂರು ಕಿ.ಮೀ.ಗೂ ಹೆಚ್ಚು ಸುತ್ತಿ ಕೊನೆಗೆ ಇಳಿಸಿದ್ದು ಒಂದು ಶಾಲೆಯ ವ್ಯಾಯಾಮ ಶಾಲೆಯಲ್ಲಿ. ಆ ಆಸ್ಪತ್ರೆ ಮತ್ತು ಅದರ ಪಕ್ಕದ ವೃದ್ಧರ ಮನೆಯ ನಲವತ್ತಕ್ಕೂ ಹೆಚ್ಚು ಜನ ದಾರಿಯಲ್ಲಿ ಮತ್ತು ನಂತರದ ದಿನಗಳಲ್ಲಿ ಸತ್ತರು. ವಿಕಿರಣದಿಂದ ಅಲ್ಲ. ನೀರಿಲ್ಲದೆ, ಚಳಿಗೆ, ಆರೈಕೆ ತಪ್ಪಿ.

ಪಕ್ಕದ ಮಿನಾಮಿಸೋಮಾ ಊರಿನ ವೃದ್ಧರ ಮನೆಗಳಲ್ಲಿ ಸ್ಥಳಾಂತರದ ನಂತರ ಸಾವಿನ ಪ್ರಮಾಣ 2.7 ಪಟ್ಟು ಏರಿತು ಎಂದು ವೈದ್ಯರು ಲೆಕ್ಕ ಹಾಕಿದರು. ಎಲ್ಲ ಮನೆಗಳಲ್ಲೂ ಒಂದೇ ಸಮ ಏರಲಿಲ್ಲ ಎನ್ನುವುದನ್ನೂ ಬರೆದರು. ಹೇಗೆ ಹೊರಡಿಸಿದರು, ಹೋದಲ್ಲಿ ಯಾರು ನೋಡಿಕೊಂಡರು ಎನ್ನುವುದರ ಮೇಲೆ ಅದು ನಿಂತಿತ್ತು. ಫುಕುಶಿಮಾ ಪ್ರಾಂತ್ಯದಲ್ಲಿ ಸ್ಥಳಾಂತರದ ಬವಣೆ ಮುಂತಾದ್ದರಿಂದ ಸತ್ತವರು ಎಂದು ಸರ್ಕಾರವೇ ಒಪ್ಪಿದ ಸಂಖ್ಯೆ 2,300 ದಾಟಿದೆ. ತೀವ್ರ ವಿಕಿರಣ ಕಾಯಿಲೆಯಿಂದ ಸತ್ತವರು ಒಬ್ಬರೂ ಇಲ್ಲ.

ಹಾಗಾದರೆ ಜನರನ್ನು ಹೊರಡಿಸಲೇಬಾರದಿತ್ತೇ? ಹಾಗಲ್ಲ. ಮಕ್ಕಳನ್ನು, ಗಟ್ಟಿಮುಟ್ಟಾದವರನ್ನು ಬೇಗ ಕಳಿಸುವುದು ಸರಿ. ಹಾಸಿಗೆ ಹಿಡಿದವರನ್ನು ಮಾತ್ರ ಕಿಟಕಿ ಬಾಗಿಲು ಮುಚ್ಚಿ, ಅಲ್ಲೇ ಆರೈಕೆ ಮಾಡಿ, ಹೋಗುವ ಜಾಗ ಮತ್ತು ಜತೆಗೆ ಬರುವ ನರ್ಸು ಗೊತ್ತಾದ ಮೇಲೆ ಹೊರಡಿಸಬೇಕು. ಒಂದೇ ಆಜ್ಞೆ ಎಲ್ಲರಿಗೂ ಸಲ್ಲದು.

ಮಾತ್ರೆಯ ವಿಚಾರದಲ್ಲೂ ಜಪಾನ್ ಎಡವಿತು. ಮಾತ್ರೆ ದಾಸ್ತಾನು ಇತ್ತು. "ಕೊಡಿ" ಎನ್ನುವ ಆದೇಶ ಹೊತ್ತಿಗೆ ಬರಲಿಲ್ಲ. ಮಿಹಾರು ಎಂಬ ಸಣ್ಣ ಊರಿನ ಆಡಳಿತ ಮಾತ್ರ ಮೇಲಿನವರಿಗೆ ಕಾಯದೆ ಮಾರ್ಚ್ 15ರಂದು ತಾನೇ ಹಂಚಿತು. ವಾಪಸು ತೆಗೆದುಕೊಳ್ಳಿ ಅಂತ ಮೇಲಿನಿಂದ ಬಂದರೂ ಕೇಳಲಿಲ್ಲ. ಮಾತ್ರೆ ಗೋದಾಮಿನಲ್ಲಿ ಇದ್ದರೆ ಸಾಲದು, ಕೊಡುವ ಅಧಿಕಾರವೂ ಹತ್ತಿರದಲ್ಲೇ ಇರಬೇಕು.

ಹೆದರಿಕೆಯೂ ಒಂದು ಕಾಯಿಲೆ

1979ರ ಮಾರ್ಚಿನಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಅವಘಡವಾಯಿತು. ಹೊರಗೆ ಬಂದ ವಿಕಿರಣ ಬಹಳ ಕಡಿಮೆ. ಆದರೆ ಒಬ್ಬ ಅಧಿಕಾರಿ ಒಂದು ಹೇಳಿದ, ಇನ್ನೊಬ್ಬ ಇನ್ನೊಂದು. ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. ಅಧ್ಯಕ್ಷರು ನೇಮಿಸಿದ ಕೆಮೆನಿ ಆಯೋಗ, ಜನರ ಆರೋಗ್ಯಕ್ಕೆ ಆದ ಮುಖ್ಯ ಹಾನಿ ಮಾನಸಿಕ ಒತ್ತಡ ಎಂದು ವರದಿ ಕೊಟ್ಟಿತು.

ಚರ್ನೋಬಿಲ್ ನಂತರ ದೂರದ ಗ್ರೀಸಿನಲ್ಲಿ ಹುಟ್ಟುವ ಮಗು ಅಂಗವಿಕಲ ಆದೀತೆಂದು ಹೆದರಿ ಸುಮಾರು 2,500 ಗರ್ಭಪಾತ ಆಗಿರಬೇಕು ಎಂದು ಅಲ್ಲಿಯ ವೈದ್ಯರು 1987ರಲ್ಲಿ ಅಂದಾಜು ಮಾಡಿದರು. ಅಲ್ಲಿ ಬಿದ್ದ ವಿಕಿರಣ ಹೊಟ್ಟೆಯ ಮಗುವಿಗೆ ಹಾನಿ ಮಾಡುವಷ್ಟಿರಲಿಲ್ಲ. ಅನೇಕ ವೈದ್ಯರಿಗೇ ಅದು ಗೊತ್ತಿರಲಿಲ್ಲ. ಬಸುರಿ ಹೆಂಗಸು ಬಂದು "ಡಾಕ್ಟ್ರೆ, ಏನು ಮಾಡ್ಲಿ?" ಎಂದು ಕೇಳಿದಾಗ "ಯಾಕೆ ರಿಸ್ಕು, ತೆಗೆಸಿಬಿಡಮ್ಮ" ಎಂದವರು ಎಷ್ಟು ಜನವೋ. ವೈದ್ಯರ ಅಜ್ಞಾನಕ್ಕೆ ತೆತ್ತ ಬೆಲೆ ಇದು.

ಅತಿ ಹುಡುಕಾಟವೂ ಕಾಟವೇ. ಫುಕುಶಿಮಾದಲ್ಲಿ ಮೂರು ಲಕ್ಷದಷ್ಟು ಆರೋಗ್ಯವಂತ ಮಕ್ಕಳ ಕುತ್ತಿಗೆಗೆ ಸ್ಕ್ಯಾನ್ ಮಾಡಿದರು. ಹುಡುಕಿದಾಗ ಜೀವನಪೂರ್ತಿ ತೊಂದರೆ ಕೊಡದೆ ಇರಬಹುದಾದ ಸಣ್ಣ ಗಂಟುಗಳೂ ಕಣ್ಣಿಗೆ ಬಿದ್ದವು. ಮಕ್ಕಳಿಗೆ ಆಪರೇಷನ್, ತಾಯ್ತಂದೆಯರಿಗೆ ನಿದ್ದೆಗೇಡು. ಅವಘಡದ ನಂತರ ಹೀಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸ್ಕ್ಯಾನ್ ಮಾಡುವುದು ಬೇಡ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು 2018ರಲ್ಲಿ ಸಲಹೆ ಕೊಟ್ಟರು.

ಇನ್ನೊಂದು ಹೆದರಿಕೆ, ಮುಟ್ಟಿದರೆ ಅಂಟುತ್ತದೆ ಅನ್ನುವುದು. ಫುಕುಶಿಮಾದಿಂದ ಬಂದವರಿಗೆ ಕೆಲವು ಕಡೆ "ತಪಾಸಣೆ ಚೀಟಿ ತನ್ನಿ" ಎಂದು ಬಾಗಿಲು ಹಾಕಿದರು. ವಿಕಿರಣ ತಗುಲಿದವನು ಸಿಡುಬಿನ ರೋಗಿಯಲ್ಲ. ಮೈಮೇಲೆ ಧೂಳಿದ್ದರೆ ತೊಳೆಯಬೇಕು, ಅಷ್ಟೇ. ಪ್ರಾಣಕ್ಕೆ ಅಪಾಯ ಇದ್ದರೆ ಮೊದಲು ಪ್ರಾಣ, ಆಮೇಲೆ ಧೂಳು. ಈ ಮಾತು ಆಸ್ಪತ್ರೆಯ ಗೇಟಿನ ಕಾವಲುಗಾರನಿಗೂ ಗೊತ್ತಿರಬೇಕು.

ಇನ್ನು ನಮ್ಮ ಮನೆ ಲೆಕ್ಕ

ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಿಬಿಡೋಣ. ಕೈಗಾ ಚರ್ನೋಬಿಲ್ ಅಲ್ಲ. ಅಲ್ಲಿಯ ರಿಯಾಕ್ಟರಿನಲ್ಲಿ ಗ್ರಾಫೈಟ್ ಇತ್ತು, ಅದಕ್ಕೆ ಬೆಂಕಿ ಹತ್ತಿತು, ಮೇಲೆ ಭದ್ರ ಕವಚ ಇರಲಿಲ್ಲ. ಕೈಗಾದ 220 ಮೆಗಾವ್ಯಾಟಿನ ನಾಲ್ಕೂ ಘಟಕಗಳು ಭಾರಜಲದವು, ಜೋಡಿ ಕಾಂಕ್ರೀಟ್ ಗೋಪುರದೊಳಗೆ ಇರುವಂಥವು. ಒಂದನೇ ಘಟಕ 2018ರಲ್ಲಿ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿದ್ದೂ ನಿಜ. ಸ್ಥಾವರ ಬೇಕೋ ಬೇಡವೋ ಎನ್ನುವ ಜಗಳವನ್ನು ಈ ಜಿಲ್ಲೆ ಶಿವರಾಮ ಕಾರಂತರ ಕಾಲದಿಂದ ಆಡಿದೆ. ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತರು. ಇವತ್ತಿನ ಮಾತು ಆ ಜಗಳದ್ದಲ್ಲ. ಬೇಕು ಅಂದವರಿಗೂ ಮಕ್ಕಳಿದ್ದಾರೆ, ಬೇಡ ಅಂದವರಿಗೂ ಇದ್ದಾರೆ.

2009ರ ನವೆಂಬರಿನಲ್ಲಿ ಕೈಗಾದಲ್ಲಿ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಇರುವ ಭಾರಜಲ ಬೆರೆಸಿದ್ದು ನೆನಪಿರಬಹುದು. ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈಸೇರಿತು. ಗೊತ್ತಾದದ್ದು ಹೇಗೆ? ಕೆಲಸಗಾರರ ಮೂತ್ರವನ್ನು ನಿಯಮದಂತೆ ಪರೀಕ್ಷೆ ಮಾಡುತ್ತಿದ್ದರು, ಅದರಲ್ಲಿ ಸಿಕ್ಕಿತು. ಚಿಕಿತ್ಸೆ? ಹೆಚ್ಚು ನೀರು ಕುಡಿಸಿ ಮೂತ್ರದಲ್ಲಿ ಹೊರಗೆ ಹಾಕುವುದು; ಟ್ರಿಟಿಯಂ ಸುಮಾರು ಹತ್ತು ದಿನದಲ್ಲಿ ಅರ್ಧ ಹೋಗುತ್ತದೆ. ಯಾರ ಪ್ರಾಣಕ್ಕೂ ಅಪಾಯ ಆಗಲಿಲ್ಲ. ಒಳಗಿನವರಿಗೆ ಪರೀಕ್ಷೆಯೂ ಇತ್ತು, ವೈದ್ಯರೂ ಇದ್ದರು. ಆದರೆ ಹೊರಗಿನ ಜನರಿಗೆ ಸುದ್ದಿ ಸಿಕ್ಕಿದ್ದು ಕೆಲವು ದಿನ ತಡವಾಗಿ. ಚಿಕಿತ್ಸೆ ಪಾಸು, ಮಾತು ಫೇಲು.

ಹೊರಗಿನವರ ಸ್ಥಿತಿ ನೋಡಿ. ನಿಯಮದ ಪ್ರಕಾರ ಸ್ಥಾವರದ ಸುತ್ತ 16 ಕಿ.ಮೀ. ತುರ್ತು ಯೋಜನೆಯ ವಲಯ. ಬೇಲಿಯ ಹೊರಗಿನ ತುರ್ತಿನ ಹೊಣೆ ಜಿಲ್ಲಾಧಿಕಾರಿಗಳದ್ದು. ಎರಡು ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆ ಆಗಬೇಕು. ಸೈರನ್ನು, ಜೀಪು, ಬಿಳಿ ಅಂಗಿ, ಮರುದಿನ ಪೇಪರಿನಲ್ಲಿ ಫೋಟೋ. ಒಳ್ಳೆಯದೇ. ಆದರೆ ಅದರಲ್ಲಿ ಹಾಲು ಹಾಕುವ ಅಕ್ಕನ ಪಾತ್ರ ಏನು? ಅಂಗನವಾಡಿ ಬಾಯಿಯ ಪಾತ್ರ ಏನು? ಪಾರ್ಶ್ವವಾಯು ಬಡಿದು ಮಲಗಿರುವ ಅಜ್ಜನನ್ನು ಎತ್ತುವವರು ಯಾರು?

ದಾರಿಯ ವಿಷಯ ಕೇಳಲೇಬೇಡಿ. ಜಪಾನಿನಲ್ಲಿ ಭೂಕಂಪವೇ ರಸ್ತೆ ಕೆಡಿಸಿದ್ದರಿಂದ ಆಂಬುಲೆನ್ಸ್ ಸಿಗಲಿಲ್ಲ. ನಮ್ಮಲ್ಲಿ ಭೂಕಂಪ ಬೇಡ, ಮಳೆ ಸಾಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ದಿನಗಟ್ಟಲೆ ಬಂದ್. ಮುಂದಿನ ತಿಂಗಳೇ ಕಾಳಿ ನದಿಯ ಹಳೆ ಸೇತುವೆ ಮುರಿದು ಬಿತ್ತು. ಮಳೆಗಾಲದಲ್ಲೇ ಅವಘಡ ಆದರೆ ಯಾವ ರಸ್ತೆ ಎನ್ನುವುದು ಯೋಜನೆಯಲ್ಲಿ ಬರೆದಿರಬೇಕು.

ಆಸ್ಪತ್ರೆಯ ಕತೆಯಂತೂ ಈ ಜಿಲ್ಲೆಯ ಹಳೇ ಪುಕಾರು. ತಲೆಗೆ ಪೆಟ್ಟಾದರೆ ಮಂಗಳೂರು, ಎದೆ ಹಿಡಿದರೆ ಮಣಿಪಾಲ, ಇಲ್ಲವಾದರೆ ಹುಬ್ಬಳ್ಳಿ, ಗೋವಾ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತ ಮೇಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಮತ್ತೆ ಎದ್ದಿತು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಸಂತೋಷ. ಆದರೆ ನೆನಪಿರಲಿ: ಮಾಸ್ಕೋದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಉಳಿಸಿದ್ದು ಶುಚಿ ಕೋಣೆ, ರಕ್ತ, ನರ್ಸು. ದಿನನಿತ್ಯದ ಅಪಘಾತಕ್ಕೆ ಇವು ಸಾಲದ ಜಿಲ್ಲೆಗೆ ಅಣು ಅವಘಡದ ದಿನ ಎಲ್ಲಿಂದ ಬರಬೇಕು? ಒಳ್ಳೆಯ ಆಸ್ಪತ್ರೆ ಕಟ್ಟಿದರೆ ಅವಘಡ ಆಗದೆ ಇದ್ದರೂ ನಷ್ಟವಿಲ್ಲ. ಬಾಣಂತಿಯರು ಉಳಿಯುತ್ತಾರೆ, ಬೈಕಿನಿಂದ ಬಿದ್ದ ಹುಡುಗರು ಉಳಿಯುತ್ತಾರೆ.

ನಾವು ಕೇಳುವುದು ಆರೇ ಆರು

ಒಂದು: 16 ಕಿ.ಮೀ. ಒಳಗಿನ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಬೇಕಾಗುವ ಅಯೋಡಿನ್ ಮಾತ್ರೆ ಎಷ್ಟು, ಎಲ್ಲಿದೆ, ಅವಧಿ ಯಾವಾಗ ಮುಗಿಯುತ್ತದೆ ಎಂದು ಗ್ರಾಮ ಪಂಚಾಯತಿಯ ಬೋರ್ಡಿನಲ್ಲಿ ಬರೆಯಿರಿ. ಎರಡು ಗಂಟೆಯಲ್ಲಿ ಅಂಕೋಲೆಯಿಂದಲೋ ಕಾರವಾರದಿಂದಲೋ ತಂದು ಹಂಚುತ್ತೇವೆ ಎನ್ನುವುದು ನಂಬುವ ಮಾತಲ್ಲ. ಕೊಡುವ ಅಧಿಕಾರವನ್ನೂ ಸ್ಥಳದ ವೈದ್ಯಾಧಿಕಾರಿಗೆ ಮೊದಲೇ ಬರೆದುಕೊಡಿ.

ಎರಡು: ಹಾಲಿನ ಸೊಸೈಟಿಗಳಿಗೆ ಒಂದೇ ಪುಟದ ಸೂಚನೆ ಕೊಡಿ. ಎಂಥ ಸಂದೇಶ ಬಂದರೆ ಹಾಲು ಚೆಲ್ಲಬೇಕು, ಚೆಲ್ಲಿದ ಹಾಲಿಗೆ ದುಡ್ಡು ಯಾರು ಕೊಡುತ್ತಾರೆ ಎಂದು ಬರೆದಿರಲಿ. ದುಡ್ಡಿನ ಮಾತಿಲ್ಲದಿದ್ದರೆ ಯಾರೂ ಚೆಲ್ಲುವುದಿಲ್ಲ.

ಮೂರು: ಹಾಸಿಗೆ ಹಿಡಿದವರು, ಡಯಾಲಿಸಿಸ್ ಆಗುತ್ತಿರುವವರು, ಒಂಟಿ ಮುದುಕರು, ಇವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರ ಕೈಲಿ ಮಾಡಿಸಿ. ಅವರನ್ನು ಎಲ್ಲಿಗೆ, ಯಾರ ಜತೆ, ಯಾವ ಗಾಡಿಯಲ್ಲಿ ಒಯ್ಯಬೇಕು ಎಂದು ಹೆಸರಿನ ಎದುರು ಬರೆಸಿ.

ನಾಲ್ಕು: ಜಿಲ್ಲೆಯ ಸರ್ಕಾರಿ, ಖಾಸಗಿ ವೈದ್ಯರಿಗೆ, ನರ್ಸುಗಳಿಗೆ ವರ್ಷಕ್ಕೆ ಒಂದು ದಿನ ತರಬೇತಿ ಕೊಡಿ. ಬಟ್ಟೆ ಬಿಚ್ಚಿಸುವುದು, ರಕ್ತ ನೋಡುವುದು, ಬಸುರಿಗೆ ಸರಿಯಾದ ಮಾತು ಹೇಳುವುದು, ಇಷ್ಟು ಬಂದರೆ ಸಾಕು.

ಐದು: ಜಿಲ್ಲೆಯ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ಇವತ್ತಿನಿಂದಲೇ ಸರಿಯಾಗಿ ಇಟ್ಟು ವರ್ಷವರ್ಷ ಪ್ರಕಟಿಸಿ. ಮೊದಲು ನಾಲ್ಕು ಇತ್ತು, ಆಮೇಲೆ 55 ಆಯಿತು ಎಂದು ಮಿನ್ಸ್ಕ್‌ನ ವೈದ್ಯರು ಹೇಳಲು ಆದದ್ದು ಹಿಂದಿನ ಲೆಕ್ಕ ಇದ್ದದ್ದರಿಂದ. ಲೆಕ್ಕ ಇಲ್ಲದಿದ್ದರೆ "ಕ್ಯಾನ್ಸರ್ ಹೆಚ್ಚಾಗಿದೆ" ಎನ್ನುವ ಊರಿನವರೂ, "ಆಗಿಲ್ಲ" ಎನ್ನುವ ಅಧಿಕಾರಿಗಳೂ ಬರೀ ಗಂಟಲಿನ ಬಲದ ಮೇಲೆ ಮಾತಾಡಬೇಕಾಗುತ್ತದೆ.

ಆರು: ಸಣ್ಣದೋ ದೊಡ್ಡದೋ, ಏನಾದರೂ ಆದ ದಿನವೇ, ಕನ್ನಡದಲ್ಲಿ, ಕೊಂಕಣಿಯಲ್ಲಿ, ಒಬ್ಬರೇ ಜವಾಬ್ದಾರಿ ಅಧಿಕಾರಿ ಜನರಿಗೆ ಹೇಳಲಿ. "ಸುಳ್ಳು ವದಂತಿಗೆ ಕಿವಿಗೊಡಬೇಡಿ" ಎನ್ನುವ ಪ್ರಕಟಣೆ ಸಾಕಾಗುವುದಿಲ್ಲ ಸ್ವಾಮಿ. ನಿಜ ಮೊದಲು ಬಂದರೆ ವದಂತಿಗೆ ಕೆಲಸವೇ ಇರುವುದಿಲ್ಲ.

ಇವುಗಳಲ್ಲಿ ಕೆಲವು ಈಗಾಗಲೇ ಕಡತದಲ್ಲಿ ಇರಬಹುದು. ಇದ್ದರೆ ಬಹಳ ಸಂತೋಷ, ತೆಗೆದು ತೋರಿಸಿ. ಈ ಪತ್ರಿಕೆಯಲ್ಲೇ ಅಚ್ಚು ಹಾಕುತ್ತೇವೆ. ವಿಂಡ್‌ಸ್ಕೇಲಿನ ಹಾಲಿನ ಪಾಠವೂ ಕಡತದಲ್ಲೇ ಇತ್ತು. ಗೋಮೆಲ್‌ನ ತಾಯಂದಿರಿಗೆ ಅದನ್ನು ಓದಿ ಹೇಳುವವರು ಇರಲಿಲ್ಲ, ಅಷ್ಟೇ.

ಜಿಲ್ಲಾಧಿಕಾರಿ ಸಾಹೇಬರು, ಜಿಲ್ಲಾ ಆರೋಗ್ಯಾಧಿಕಾರಿಗಳು, ಸ್ಥಾವರದ ದೊಡ್ಡವರು, ಮೂವರೂ ಒಂದು ದಿನ ಮಲ್ಲಾಪುರದ ಶಾಲೆಯಲ್ಲಿ ಕುಳಿತು ಜನರ ಎದುರು ಈ ಆರಕ್ಕೆ ಉತ್ತರ ಕೊಡಲಿ. ಮಳೆಗಾಲ ಶುರುವಾಗುವ ಮುಂಚೆ ಆದರೆ ಒಳ್ಳೆಯದು.